ಸಿಡಿಯದ ತೋಟಾ, ಗ್ರಾಹಕನ ದೂರು

ಬಂದೂಕು ಮಾರುವ ಅಂಗಡಿಯ ಮೇಲೆ ಗ್ರಾಹಕ ಮಾಡುವ ದೂರು ಬೇರೆ ಸರಕಿನ ದೂರಿನ ಹಾಗಲ್ಲ. ಪಂಪ್‌ಸೆಟ್ ಕೆಟ್ಟರೆ ಟಂಟಂನಲ್ಲಿ ಹೇರಿಕೊಂಡು ಹೋಗಿ ಅಂಗಡಿ ಮುಂದೆ ಇಳಿಸಿ, ಸರಿ ಮಾಡಿ ಕೊಡುವ ತನಕ ಏಳುವುದಿಲ್ಲ ಎಂದು ಕಟ್ಟೆಯ ಮೇಲೆ ಕೂರಬಹುದು. ಬಂದೂಕು ಕೆಟ್ಟರೆ ಅದು ಮನೆಯ ಹೊಸ್ತಿಲು ದಾಟುವುದೇ ಕಾನೂನಿನ ವಿಷಯ. ಯಾರು ಒಯ್ಯಬೇಕು, ಎಲ್ಲಿಯ ತನಕ ಒಯ್ಯಬಹುದು, ಯಾರು ಬಿಚ್ಚಬಹುದು, ರಿಪೇರಿಗೆ ಬಿಟ್ಟ ಮೇಲೆ ಅದು ಯಾರ ಲೆಕ್ಕದಲ್ಲಿರುತ್ತದೆ ಎಂಬುದನ್ನೆಲ್ಲ 1959ರ ಶಸ್ತ್ರಾಸ್ತ್ರ ಕಾಯ್ದೆ ಮತ್ತು 2016ರ ಶಸ್ತ್ರಾಸ್ತ್ರ ನಿಯಮಗಳು ಕಟ್ಟಿಹಾಕಿವೆ. ಅಷ್ಟಿದ್ದರೂ ದುಡ್ಡು ಕೊಟ್ಟು ಕೊಂಡವನು ಗ್ರಾಹಕನೇ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅವನ ಬೆನ್ನಿಗಿದೆ. ಈ ಎರಡನ್ನೂ ಮೀರದೆ, ಅಂಗಡಿಯವರೊಡನೆ ಜಗಳಕ್ಕೂ ಇಳಿಯದೆ ದೂರನ್ನು ಬಗೆಹರಿಸಿಕೊಂಡ ಒಂದು ಅನುಭವ ಇಲ್ಲಿದೆ. ಅದು ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯ ಒಂದು ರೈತ ಮನೆತನದ್ದು, ಬರೆದವರ ಮನೆತನದ್ದೇ.

ಆ ಮನೆತನದ ಊರು ಮಂಗಳೂರು. ಮಂಗಳೂರು ಎಂದೊಡನೆ ಬಹಳ ಜನರಿಗೆ ಕಡಲತೀರದ ನಗರ ನೆನಪಾಗುತ್ತದೆ. ಇಲ್ಲಿ ಹೇಳುವುದು ಎರೆಹೊಲದ ನಡುವಿನ ಮಂಗಳೂರು. ಮೊದಲು ಯಲಬುರ್ಗಾ ತಾಲ್ಲೂಕಿನಲ್ಲಿದ್ದು ಈಗ ಕುಕನೂರು ತಾಲ್ಲೂಕಿಗೆ ಸೇರಿದ ಊರು. ಈ ಭಾಗದಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಮತ್ತು ಬಿಳಿಜೋಳ. ಕಡಲೆ ಎರಡೆಲೆ ಒಡೆಯುವ ಹೊತ್ತಿಗೆ ಚಿಗರಿ ಹಿಂಡು ಇಳಿಯುತ್ತದೆ. ಒಂದು ರಾತ್ರಿಯಲ್ಲಿ ಎಕರೆಗಟ್ಟಲೆ ಮೊಳಕೆ ಹೋಗುತ್ತದೆ. ಕೊಪ್ಪಳ, ಗಂಗಾವತಿ ಕಡೆಯ ಗುಡ್ಡಗಳಲ್ಲಿ ಕರಡಿ, ಹಳ್ಳದ ದಂಡೆಯ ಮೆಕ್ಕೆಜೋಳಕ್ಕೆ ಹಂದಿ. ಚಿಗರಿಯನ್ನೂ ಕರಡಿಯನ್ನೂ ಕೊಲ್ಲುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಎರಡೂ ಇವೆ, ಕೊಂದರೆ ಕನಿಷ್ಠ 3 ವರ್ಷದ ಜೈಲು. ಹಾಗಾಗಿ ಇಲ್ಲಿಯ ರೈತನ ಬಂದೂಕು ಬಹುಪಾಲು ಸದ್ದಿನ ಬಂದೂಕು. ಹೊಲದ ಗುಡಿಸಲಲ್ಲಿ ಒಬ್ಬನೇ ರಾತ್ರಿ ಕಳೆಯುವವನಿಗೆ ಅದೊಂದು ಧೈರ್ಯ. ಸದ್ದೇ ಮಾಡದ ಬಂದೂಕನ್ನು ಕಟ್ಟಿಕೊಂಡು ಅವನು ಏನು ಮಾಡಬೇಕು?

ಇಂಥ ರೈತನಿಗೆ ಶಸ್ತ್ರಾಸ್ತ್ರ ಕಾಯ್ದೆಯಲ್ಲೇ ಜಾಗವಿದೆ. ಸೆಕ್ಷನ್ 13ರ ಪ್ರಕಾರ ಬೆಳೆ ರಕ್ಷಣೆಗೆಂದು ಪ್ರಾಮಾಣಿಕವಾಗಿ ಕೇಳುವವನಿಗೆ ಬಾಯಿಂದ ಮದ್ದು ತುಂಬುವ ಕೇಪಿನ ಬಂದೂಕಿನ ಲೈಸೆನ್ಸ್ ಕೊಡಬೇಕು. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ತೋಟಾ ಹಾಕುವ ಬಂದೂಕಿಗೂ ಕೊಡಬಹುದು. ಸ್ವರಕ್ಷಣೆಗೆ ಕೊಡುವ ನುಣುಪು ನಳಿಗೆಯ ಬಂದೂಕಿನ ನಳಿಗೆ 20 ಇಂಚಿಗಿಂತ ಕಡಿಮೆ ಇರಕೂಡದು. ಜಿಲ್ಲೆಯಲ್ಲಿ ಲೈಸೆನ್ಸ್ ಕೊಡುವವರು ಜಿಲ್ಲಾಧಿಕಾರಿಗಳು. 2019ರ ತಿದ್ದುಪಡಿಯ ನಂತರ ಲೈಸೆನ್ಸಿನ ಅವಧಿ 3 ವರ್ಷದ ಬದಲು 5 ವರ್ಷ. ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕು 3ರ ಬದಲು 2. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಲೈಸೆನ್ಸ್ ವಿನಾಯಿತಿ ಬಯಲುಸೀಮೆಯವರಿಗೆ ಇಲ್ಲ. 1857ರಲ್ಲಿ ಹತಾರ ಒಪ್ಪಿಸಿ ಎಂದಾಗ ಹಲಗಲಿಯ ಬೇಡರು ತಿರುಗಿಬಿದ್ದ ನೆನಪು ಉತ್ತರ ಕರ್ನಾಟಕದಲ್ಲಿ ಇನ್ನೂ ಹಸಿಯಾಗಿದೆ. ಅದೇ ಸೀಮೆಯಲ್ಲಿ ಇಂದು ಲೈಸೆನ್ಸ್ ಪುಸ್ತಕವನ್ನು ಹೊಲದ ಪಹಣಿಯ ಜೊತೆ ಒಂದೇ ಗಂಟಿನಲ್ಲಿ ಕಟ್ಟಿಡುತ್ತಾರೆ.

ಬಂದೂಕು ಮಾರುವ ಅಂಗಡಿಗಳು ಊರೂರಿಗೆ ಇಲ್ಲ. ಮಾರಲು, ದುರಸ್ತಿ ಮಾಡಲು, ಪರೀಕ್ಷಿಸಲು ಸೆಕ್ಷನ್ 5ರಡಿ ಬೇರೆಯೇ ಲೈಸೆನ್ಸ್ ಬೇಕು. ಆದ್ದರಿಂದ ರೈತ ಪಕ್ಕದ ಜಿಲ್ಲೆಯ ದೊಡ್ಡ ಊರಿಗೆ ಹೋಗಿ ಕೊಳ್ಳುವುದೇ ಹೆಚ್ಚು. ಒಮ್ಮೆ ಕೊಂಡ ಮೇಲೆ ಸಂಬಂಧ ಮುಗಿಯುವುದಿಲ್ಲ. ತೋಟಾ ಬೇಕಾದಾಗಲೆಲ್ಲ ಅದೇ ಅಂಗಡಿ. ಕೊಟ್ಟ ಪ್ರತಿ ತೋಟಾ ಅಂಗಡಿಯ ರಿಜಿಸ್ಟರಿಗೂ ಲೈಸೆನ್ಸ್ ಪುಸ್ತಕಕ್ಕೂ ಏರುತ್ತದೆ. ಲೈಸೆನ್ಸ್‌ದಾರ ತೀರಿಕೊಂಡರೆ, ಅಥವಾ ಇನ್ನಾವ ಕಾರಣಕ್ಕೋ ಬಂದೂಕು ಇಟ್ಟುಕೊಳ್ಳುವ ಹಕ್ಕು ಹೋದರೆ, ಸೆಕ್ಷನ್ 21ರ ಪ್ರಕಾರ ಅದನ್ನು ಠಾಣೆಯಲ್ಲಿ ಇಲ್ಲವೇ ಲೈಸೆನ್ಸ್ ಇರುವ ಡೀಲರ್ ಬಳಿ ಠೇವಣಿ ಇಡಬೇಕು. ಒಂದು ಮನೆಯ ಬಂದೂಕಿನ ಬದುಕಿನ ಉದ್ದಕ್ಕೂ ಬೇಕಾಗುವ ವ್ಯಕ್ತಿ ಆ ಅಂಗಡಿಯವನು. ದೂರು ಹೇಳುವಾಗ ಈ ಲೆಕ್ಕ ಮರೆತವರು ದೂರಿನಲ್ಲಿ ಗೆದ್ದರೂ ಮುಂದಿನ ತೋಟಾಕ್ಕೆ ಪರದಾಡಿದ್ದುಂಟು.

ಪ್ರಸಂಗ ಹೀಗಿದೆ. ಮನೆಯ ಹಿರಿಯರ ಹೆಸರಿಗೆ ಲೈಸೆನ್ಸ್. 2024ರ ಆರಂಭದಲ್ಲಿ ಹೊಸ ಜೋಡಿ ನಳಿಗೆಯ 12 ಬೋರ್ ಬಂದೂಕು ಕೊಂಡರು. ಮಾರ್ಚ್ 16ರಂದು ಲೋಕಸಭಾ ಚುನಾವಣೆಯ ನೀತಿಸಂಹಿತೆ ಜಾರಿಯಾಯಿತು. ಎಲ್ಲ ಚುನಾವಣೆಗಳಲ್ಲಿ ಆಗುವಂತೆ ಬಂದೂಕನ್ನು ಠಾಣೆಗೆ ಒಪ್ಪಿಸಬೇಕಾಯಿತು. ಕೊಪ್ಪಳ ಕ್ಷೇತ್ರದ ಮತದಾನ ಮೇ 7ಕ್ಕೆ, ಎಣಿಕೆ ಜೂನ್ 4ಕ್ಕೆ. ಬಂದೂಕು ಮನೆಗೆ ಮರಳುವಷ್ಟರಲ್ಲಿ ಹೆಸರು ಬಿತ್ತನೆ ಸಾಗಿತ್ತು. ಹೊಲದಲ್ಲಿ ಮೊದಲ ಸಲ ಹೊಡೆದಾಗ ಬಲ ನಳಿಗೆ ಸಿಡಿಯಿತು, ಎಡ ನಳಿಗೆ ‘ಟಕ್’ ಎಂದು ಸುಮ್ಮನಾಯಿತು. ಇನ್ನೊಂದು ತೋಟಾ ಹಾಕಿದರೆ ಸಿಡಿಯಿತು, ಮತ್ತೊಂದು ಸಿಡಿಯಲಿಲ್ಲ. ಒಮ್ಮೆ ಸಿಡಿದು ಒಮ್ಮೆ ಸಿಡಿಯದ ಬಂದೂಕು ಪೂರ್ತಿ ಕೆಟ್ಟ ಬಂದೂಕಿಗಿಂತ ಅಪಾಯದ್ದು.

ತೋಟಾ ಸಿಡಿಯದಾಗ ಮೊದಲು ನೋಡಬೇಕಾದ್ದು ಜೀವ, ದೂರು ಆಮೇಲೆ. ನಳಿಗೆಯ ಬಾಯಿ ಯಾರೂ ಇಲ್ಲದ ಕಡೆಗೇ ಇರಬೇಕು, ಕನಿಷ್ಠ ಅರ್ಧ ನಿಮಿಷ ಬಂದೂಕು ಬಿಚ್ಚಬಾರದು. ಕೇಪು ಒಳಗೇ ಕುದಿಯುತ್ತಿದ್ದು ತಡವಾಗಿ ಸಿಡಿಯುವುದುಂಟು. ಕೇಪಿನ ಬಂದೂಕಿನಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಮದ್ದು ನಳಿಗೆಯ ತಳದಲ್ಲೇ ಉಳಿದಿರುತ್ತದೆ, ತೆಗೆಯುವುದು ಕಷ್ಟ. ಬಾಯಲ್ಲಿ ಇಣುಕಿ ನೋಡಿ ಮುಖ ಸುಟ್ಟುಕೊಂಡವರ ಕಥೆ ಪ್ರತಿ ಹೋಬಳಿಯಲ್ಲೂ ಒಂದಿದೆ.

ಸಿಡಿಯದ ತೋಟಾಗಳನ್ನು ಹಿರಿಯರು ಬಿಸಾಡಲಿಲ್ಲ. ಪೆನ್ಸಿಲಿನಿಂದ ಒಂದೊಂದರ ಮೇಲೂ ‘ಎಡ’ ಎಂದು ಬರೆದು, ತಂಬಾಕಿನ ಹಳೆಯ ಡಬ್ಬಿಯಲ್ಲಿ ಹಾಕಿ, ತೋಟಾ ಬಂದ ರಟ್ಟಿನ ಪೆಟ್ಟಿಗೆಯನ್ನೂ ಅದರ ಮೇಲಿದ್ದ ತಯಾರಿಕೆಯ ಸಂಖ್ಯೆ ಕಾಣುವಂತೆ ಜೊತೆಗಿಟ್ಟರು. ಸಿಡಿದ ಖಾಲಿ ತೋಟಾಗಳನ್ನೂ ಹಾಗೆಯೇ ಗುರುತು ಹಾಕಿ ಇಟ್ಟರು. ದೂರು ಬಗೆಹರಿಯಲು ಅತಿ ಹೆಚ್ಚು ನೆರವಾದದ್ದು ಈ ಡಬ್ಬಿ. ತೋಟಾದ ಹಿತ್ತಾಳೆ ತಳದ ನಡುವೆ ಕೇಪು ಕೂತಿರುತ್ತದೆ. ಟ್ರಿಗರ್ ಎಳೆದಾಗ ಒಳಗಿನ ಪಿನ್ ಅದಕ್ಕೆ ಬಡಿದು ಒಂದು ಕುಳಿ ಮಾಡುತ್ತದೆ. ಬಲ ನಳಿಗೆಯಲ್ಲಿ ಹೊಡೆದವುಗಳ ಕುಳಿ ದುಂಡಗೆ, ಆಳವಾಗಿತ್ತು. ಎಡದವುಗಳಲ್ಲಿ ಕುಳಿ ಉಗುರು ತಾಕಿದಷ್ಟೇ, ಒಂದು ಬದಿಗೆ ಜಾರಿತ್ತು. ಅಂಗೈಯಲ್ಲಿ ಸಾಲಾಗಿ ಇಟ್ಟರೆ ಓದು ಬರಹ ಬಾರದವರಿಗೂ ವ್ಯತ್ಯಾಸ ಕಾಣುತ್ತಿತ್ತು. ಒಂದು ಮಾತು: ಸಿಡಿಯದ ತೋಟಾವೂ ಕಾನೂನಿನ ಕಣ್ಣಿನಲ್ಲಿ ಮದ್ದುಗುಂಡೇ. ಅದು ಲೈಸೆನ್ಸಿನ ಲೆಕ್ಕದೊಳಗೇ ಇರಬೇಕು, ಬೀಗದೊಳಗಿರಬೇಕು, ಅಂಚೆಯಲ್ಲೋ ಕೊರಿಯರ್‌ನಲ್ಲೋ ಅಂಗಡಿಗೆ ಕಳಿಸಬಾರದು. ಕುಳಿ ಹೇಗಿದೆಯೆಂದು ನೋಡುವ ಕುತೂಹಲಕ್ಕೆ ಚಾಕುವಿನಿಂದ ಬಿಚ್ಚಲೂಬಾರದು.

ಇಂಥ ತೊಂದರೆಗೆ ಕಾರಣ ಒಂದೇ ಅಲ್ಲ. ಪಿನ್ ಸವೆದಿರಬಹುದು, ಅದನ್ನು ತಳ್ಳುವ ಸ್ಪ್ರಿಂಗ್ ಸಡಿಲಾಗಿರಬಹುದು, ಕಾರ್ಖಾನೆಯಲ್ಲಿ ಹಾಕಿದ ಗ್ರೀಸ್ ಗಟ್ಟಿಯಾಗಿ ಪಿನ್ನಿನ ದಾರಿ ಕಟ್ಟಿರಬಹುದು, ತೋಟಾವೇ ತೇವ ಹಿಡಿದಿರಬಹುದು. ಮಳೆಗಾಲದಲ್ಲಿ ದನದ ಕೊಟ್ಟಿಗೆಯ ಮಾಡದಲ್ಲಿಟ್ಟ ತೋಟಾ ಬೇಸಿಗೆಯಲ್ಲಿ ಸಿಡಿಯದಿದ್ದರೆ ಅಂಗಡಿಯವನದೇನು ತಪ್ಪು? ಇನ್ನು ಕೆಲವರ ದೂರು ‘ಒದೆತ ಹೆಚ್ಚು’ ಎಂಬುದು. ಹಳೆಯ ವಿಲಾಯತಿ ಬಂದೂಕುಗಳಲ್ಲಿ ತೋಟಾ ಕೂರುವ ಕೋಣೆ 65 ಮಿಲಿಮೀಟರ್ ಉದ್ದದ್ದು ಇರುವುದುಂಟು. ಅದರಲ್ಲಿ 70 ಮಿಲಿಮೀಟರ್ ತೋಟಾ ಕೂರುತ್ತದೆ, ಆದರೆ ಸಿಡಿದಾಗ ಅದರ ಬಾಯಿ ಬಿಚ್ಚಲು ಜಾಗ ಸಾಲದೆ ಒತ್ತಡ ಏರುತ್ತದೆ. ಕೋಣೆಯ ಉದ್ದವನ್ನೂ ಪರೀಕ್ಷೆಯಾದ ಮುದ್ರೆಯನ್ನೂ ನಳಿಗೆಯ ಬುಡದಲ್ಲಿ ಒತ್ತಿರುತ್ತಾರೆ. ನಳಿಗೆ ಕಳಚಿ ತಿರುವಿದರೆ ಕಾಣುತ್ತದೆ. ದೂರು ಬರೆಯುವ ಮೊದಲು ಆ ಮುದ್ರೆ ಓದಿಕೊಂಡರೆ ಅರ್ಧ ವಾದ ಅಲ್ಲೇ ಮುಗಿಯುತ್ತದೆ.

ಊರಲ್ಲಿ ಮೊದಲು ಬರುವ ಸಲಹೆ ‘ಕಂಬಾರನ ಕಡೆ ಒಯ್ಯಿರಿ’ ಎಂಬುದು. ಕುಲುಮೆಯಲ್ಲಿ ಕೂರಿಗೆಯ ತಾಳು ತಟ್ಟುವವನಿಗೆ ಒಂದು ಪಿನ್ ತಟ್ಟುವುದು ದೊಡ್ಡದಲ್ಲ. ಅವನ ಕೈಚಳಕದ ಬಗ್ಗೆ ಅನುಮಾನವೂ ಬೇಡ. ಆದರೆ ಲೈಸೆನ್ಸ್ ಇಲ್ಲದೆ ಬಂದೂಕು ದುರಸ್ತಿ ಮಾಡುವುದು ಸೆಕ್ಷನ್ 5ರ ಉಲ್ಲಂಘನೆ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ 7 ವರ್ಷದಿಂದ ಜೀವಾವಧಿಯ ತನಕ ಶಿಕ್ಷೆ ಇದೆ. ನೆರೆಮನೆಯ ಕುಶಲಕರ್ಮಿಯನ್ನು ಇಂಥ ಅಪಾಯಕ್ಕೆ ದೂಡುವುದು ಅನ್ಯಾಯ. ಗ್ರಾಹಕ ಕಾಯ್ದೆಯ ಕಡೆಯಿಂದ ನೋಡಿದರೂ ನಷ್ಟವೇ. ಸೆಕ್ಷನ್ 87ರಲ್ಲಿ ಮಾರಿದವನು ಹೊಣೆಯಿಂದ ಪಾರಾಗುವ ಸಂದರ್ಭಗಳನ್ನು ಹೇಳಿದೆ. ಸರಕನ್ನು ಕೊಂಡವನು ತಪ್ಪಾಗಿ ಬಳಸಿದ್ದು, ಬದಲಾಯಿಸಿದ್ದು ಅವುಗಳಲ್ಲಿ ಸೇರಿವೆ. ಒಮ್ಮೆ ಬೇರೆ ಕೈ ಬಿದ್ದ ಬಂದೂಕಿನ ಮೇಲೆ ದೂರು ನಿಲ್ಲುವುದು ಕಷ್ಟ.

ಬಂದೂಕನ್ನು ಅಂಗಡಿಗೆ ಒಯ್ಯುವ ಮುನ್ನ ಹಿರಿಯರು ಒಂದು ಪತ್ರ ಬರೆಸಿದರು. ಅದರಲ್ಲಿ ಬಿಲ್ಲಿನ ಸಂಖ್ಯೆ, ಬಂದೂಕಿನ ಸಂಖ್ಯೆ, ಲೈಸೆನ್ಸಿನ ಯುಐಎನ್ ಸಂಖ್ಯೆ ಮೇಲೆ. ಕೆಳಗೆ ಇಷ್ಟೇ: ಎಡ ನಳಿಗೆಯಲ್ಲಿ ಹಾಕಿದ ತೋಟಾಗಳಲ್ಲಿ ಕೆಲವು ಸಿಡಿಯುತ್ತಿಲ್ಲ, ಅದೇ ಪೆಟ್ಟಿಗೆಯ ತೋಟಾಗಳು ಬಲ ನಳಿಗೆಯಲ್ಲಿ ಸಿಡಿಯುತ್ತಿವೆ, ಬಂದೂಕನ್ನು ಯಾರೂ ಬಿಚ್ಚಿಲ್ಲ, ಚುನಾವಣೆ ಕಾಲಕ್ಕೆ ಠಾಣೆಯಲ್ಲಿ ಠೇವಣಿ ಇತ್ತು, ರಸೀದಿಯ ನಕಲು ಲಗತ್ತಿಸಿದೆ. ಆಮೇಲೆ ಬೇಡಿಕೆ: ತಾವು ಪರೀಕ್ಷಿಸಿ ಖರ್ಚಿಲ್ಲದೆ ಸರಿಪಡಿಸಿ ಕೊಡಬೇಕು, ಆಗದಿದ್ದರೆ ಬದಲಿ ಕೊಡಬೇಕು, ಕಡಲೆ ಬಿತ್ತನೆಗೆ ಮುಂಚೆ ಬಂದೂಕು ಕೈಗೆ ಬರಬೇಕು. ‘ಮೋಸ’ ಎಂಬ ಶಬ್ದ ಎಲ್ಲೂ ಇರಲಿಲ್ಲ. ಠಾಣೆಯಲ್ಲಿ ಇಟ್ಟಿದ್ದ ವಿಷಯ ಎದುರಿನವನಿಗೆ ಆಯುಧ ಕೊಟ್ಟಂತಾಗುತ್ತದೆ, ಬರೆಯಬೇಡಿ ಎಂದು ಮನೆಯ ಹುಡುಗರು ಹೇಳಿದ್ದರು. ಬರೆದದ್ದೇ ಒಳ್ಳೆಯದಾಯಿತು. ಅಂಗಡಿಯವನಿಗೆ ಆ ವಿಷಯ ತಾನಾಗಿ ಗೊತ್ತಾಗಿದ್ದರೆ ಪತ್ರದ ಉಳಿದ ಸಾಲುಗಳ ಮೇಲಿನ ನಂಬಿಕೆಯೂ ಹೋಗುತ್ತಿತ್ತು.

ಪತ್ರ ಮೊದಲು ನೋಂದಾಯಿತ ಅಂಚೆಯಲ್ಲಿ ಹೋಯಿತು, ಫೋನಿನಲ್ಲಿ ದಿನ ಗೊತ್ತಾಯಿತು, ಬಂದೂಕು ಆಮೇಲೆ. ಈ ಕ್ರಮಕ್ಕೆ ಕಾರಣವಿದೆ. ಲೈಸೆನ್ಸ್ ಪುಸ್ತಕದಲ್ಲಿ ಅದರ ವ್ಯಾಪ್ತಿ ನಮೂದಾಗಿರುತ್ತದೆ. ಅಂಗಡಿ ಆ ವ್ಯಾಪ್ತಿಯೊಳಗಿದೆಯೇ ಎಂದು ನೋಡಿಕೊಳ್ಳಬೇಕು, ಇಲ್ಲವಾದರೆ ಲೈಸೆನ್ಸ್ ಕೊಟ್ಟ ಕಚೇರಿಯ ಅನುಮತಿ ಪಡೆಯಬೇಕು. ಹಿರಿಯರಿಗೆ ಮಂಡಿನೋವು ಎಂದು ಮಗ ಒಬ್ಬನೇ ಒಯ್ದರೆ? ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 3ರಲ್ಲೇ ಇದಕ್ಕೆ ಅವಕಾಶವಿದೆ. ಲೈಸೆನ್ಸ್‌ದಾರನ ಸಮಕ್ಷಮದಲ್ಲಿ, ಅಥವಾ ಅವನ ಲಿಖಿತ ಅಧಿಕಾರಪತ್ರದೊಡನೆ, ದುರಸ್ತಿಗೋ ಲೈಸೆನ್ಸ್ ನವೀಕರಣಕ್ಕೋ ಇನ್ನೊಬ್ಬರು ಬಂದೂಕು ಒಯ್ಯಬಹುದು. ಬಹಳ ಜನಕ್ಕೆ ಈ ಸಾಲು ಗೊತ್ತಿಲ್ಲ. ಬಾಯಿಮಾತಿನ ಒಪ್ಪಿಗೆ ಸಾಲದು, ಬರಹವೇ ಬೇಕು. ಬಂದೂಕು ಖಾಲಿ ಇರಬೇಕು, ನಳಿಗೆ ಕಳಚಿ ಚೀಲದಲ್ಲಿರಬೇಕು, ಮೂಲ ಲೈಸೆನ್ಸ್ ಜೊತೆಗಿರಬೇಕು.

ಅಂಗಡಿಯವರು ಮೊದಲು ಒಪ್ಪಲಿಲ್ಲ. ನಳಿಗೆಯ ಹೊರಮೈ ಮೇಲೆ ಅಲ್ಲಲ್ಲಿ ಕಂದು ಚುಕ್ಕೆ ಎದ್ದಿದ್ದನ್ನು ಬೆರಳಿಟ್ಟು ತೋರಿಸಿದರು. “ಯಜಮಾನ್ರ, ಠಾಣ್ಯಾಗ ಇಟ್ಟಿದ್ರಿ, ಅಲ್ಲೇ ತೇವ ಹಿಡದೈತಿ. ನಮ್ಮ ಮಾಲ್‌ದಾಗ ದೋಷ ಇಲ್ರಿ” ಎಂದರು. ಆ ಮಾತಿನಲ್ಲಿ ಹುರುಳಿತ್ತು. ಠಾಣೆಯ ರಸೀದಿಯಲ್ಲಿ ಬಂದೂಕಿನ ಸಂಖ್ಯೆ ಇತ್ತೇ ಹೊರತು ಅದು ಯಾವ ಸ್ಥಿತಿಯಲ್ಲಿತ್ತು ಎಂದಿರಲಿಲ್ಲ. ಹಿರಿಯರು ದನಿ ಏರಿಸದೆ ಡಬ್ಬಿ ತೆರೆದು ಎರಡು ತೋಟಾ ಮುಂದಿಟ್ಟರು. “ಇರಬಹುದ್ರಿ ಸಾಹುಕಾರ್ರ. ತೇವ ಹಿಡದ್ರ ಎರಡೂ ನಳಿಗಿ ಹಿಡೀಬೇಕಿತ್ತಲ್ರಿ. ಒಂದ್ಸಲ ನೀವ ನೋಡ್ರಿ” ಎಂದರು. ಮಾತು ಅಲ್ಲಿಗೆ ಬಂದೂಕಿನ ಕಡೆ ತಿರುಗಿತು, ಮನುಷ್ಯರ ಕಡೆಯಿಂದ.

ಮುಂದಿನದು ಪರೀಕ್ಷೆ. ಪರೀಕ್ಷಿಸುವ ಲೈಸೆನ್ಸ್ ಇರುವುದು ಅಂಗಡಿಗೆ, ಗ್ರಾಹಕನಿಗಲ್ಲ. ಹಾಗಾಗಿ ಅಂಗಡಿಯ ಮಿಸ್ತ್ರಿಯೇ ಮಾಡಬೇಕು, ಗ್ರಾಹಕ ಎದುರು ನಿಂತು ನೋಡಬೇಕು. ಪರೀಕ್ಷೆಯ ತರ್ಕ ಸರಳ: ಒಮ್ಮೆಗೆ ಒಂದನ್ನೇ ಬದಲಿಸುವುದು. ಎಡ ನಳಿಗೆಗೆ ಬೇರೆ ಪೆಟ್ಟಿಗೆಯ ಹೊಸ ತೋಟಾ ಹಾಕಿದರು, ಕೆಲವು ಸಿಡಿಯಲಿಲ್ಲ. ಎಡದಲ್ಲಿ ಸಿಡಿಯದಿದ್ದ ತೋಟಾವನ್ನು ಮಿಸ್ತ್ರಿ ಬಲ ನಳಿಗೆಗೆ ಹಾಕಿ ಹೊಡೆದರು, ಸಿಡಿಯಿತು. ತೋಟಾದಲ್ಲಿ ತಪ್ಪಿಲ್ಲ, ತೇವದ ಮಾತೂ ನಿಲ್ಲುವುದಿಲ್ಲ. ಕಟ್ಟಿಗೆಯ ಹಿಡಿ ಬಿಚ್ಚಿ ಒಳಗಿನ ಲಾಕ್ ತೆಗೆದಾಗ ಎಡಗಡೆಯ ಸ್ಪ್ರಿಂಗ್ ಬಲಗಡೆಯದಕ್ಕಿಂತ ಮೆತ್ತಗಿತ್ತು, ಪಿನ್ನಿನ ತುದಿ ಒಂದು ಬದಿಗೆ ಒರೆಸಿಕೊಂಡಿತ್ತು. ಮಿಸ್ತ್ರಿ ಅದನ್ನು ಯಜಮಾನನಿಗೆ ತೋರಿಸಿದ ರೀತಿಯಲ್ಲೇ ತೀರ್ಪು ಇತ್ತು. ಗ್ರಾಹಕ ತಾನೇ ಇದನ್ನು ಪರೀಕ್ಷಿಸಲು ಹೋಗಿ, ಪಕ್ಕದ ಹೊಲದವರ ಬಂದೂಕಿಗೆ ತನ್ನ ತೋಟಾ ಹಾಕಿ ನೋಡಿದ್ದರೆ ಇಬ್ಬರ ಲೈಸೆನ್ಸಿಗೂ ಕುತ್ತು.

ಕಂದು ಚುಕ್ಕೆಯ ಪ್ರಶ್ನೆ ಹಾಗೇ ಉಳಿದಿತ್ತು. ಅದು ಅಂಗಡಿಯ ಹೊಣೆಯಲ್ಲ ಎಂದು ಹಿರಿಯರೇ ಹೇಳಿ, ಒರೆಸಿ ಎಣ್ಣೆ ಹಚ್ಚುವ ಕೂಲಿ ತಾವೇ ಕೊಡುವುದಾಗಿ ಒಪ್ಪಿಕೊಂಡರು. ಹೀಗೆ ಒಂದು ದೂರಿನೊಳಗೆ ಎರಡು ಮೂರು ತೊಂದರೆಗಳು ಕಲೆತಿರುತ್ತವೆ. ಯಾವುದು ಯಾರದು ಎಂದು ಬಿಡಿಸಿದ ಕೂಡಲೇ ಎದುರಿನವರೂ ತಮ್ಮ ಪಾಲನ್ನು ಒಪ್ಪುವುದು ಸುಲಭವಾಗುತ್ತದೆ. ಆ ಮನೆಯಲ್ಲಿ ಈಗ ಠಾಣೆಗೆ ಬಂದೂಕು ಕೊಡುವಾಗ ‘ತುಕ್ಕಿಲ್ಲ, ಎಣ್ಣೆ ಹಚ್ಚಿದೆ’ ಎಂದು ರಸೀದಿಯ ಮೇಲೆ ಬರೆಸಿಕೊಳ್ಳುತ್ತಾರೆ, ಒಂದು ಫೋಟೊ ತೆಗೆದಿಡುತ್ತಾರೆ. ಬರೆದುಕೊಡಲು ಯಾರೂ ಬೇಡವೆಂದಿಲ್ಲ. ಯಾರ ಪ್ರಕರಣದಲ್ಲಿ ಠೇವಣಿ ಅಗತ್ಯ ಎಂಬುದನ್ನು ತೀರ್ಮಾನಿಸುವ ಪರಿಶೀಲನಾ ಸಮಿತಿ ಜಿಲ್ಲೆಯಲ್ಲಿರುತ್ತದೆ. ಬೆಳೆ ಕಾಯಬೇಕಾದವರು ವಿನಾಯಿತಿಗೆ ಅರ್ಜಿ ಕೊಡಬಹುದು.

ಅಂಗಡಿಯವರು ಲಾಕನ್ನು ತಯಾರಕರಿಗೆ ಕಳಿಸಬೇಕೆಂದರು. ಭಾರತದಲ್ಲಿ ನಾಗರಿಕರಿಗೆ ಬಂದೂಕು ತಯಾರಿಸುವವರಲ್ಲಿ ಬಿಹಾರದ ಮುಂಗೇರ್, ಜಮ್ಮುವಿನ ಖಾಸಗಿ ಘಟಕಗಳೂ ಸರ್ಕಾರಿ ಕಾರ್ಖಾನೆಗಳೂ ಇವೆ. ಸರ್ಕಾರಿ ಕಾರ್ಖಾನೆಗಳು 2021ರ ಅಕ್ಟೋಬರ್ 1ರಿಂದ 7 ಕಂಪನಿಗಳಾಗಿ ಹಂಚಿಹೋಗಿದ್ದು, ಬಂದೂಕುಗಳದ್ದು ಕಾನ್ಪುರದ ಕಂಪನಿ, ಮದ್ದುಗುಂಡಿನದ್ದು ಪುಣೆಯ ಕಂಪನಿ. ಹಳೆಯ ಬಿಲ್ಲಿನ ಮೇಲಿನ ಹೆಸರು, ವಿಳಾಸ ಈಗ ಬೇರೆಯಾಗಿರಬಹುದು. ತಯಾರಕರಿಗೆ ನೇರ ಬರೆಯುವವರು ಇದನ್ನು ನೋಡಿಕೊಳ್ಳಬೇಕು. ಸಾಮಾನ್ಯ ಗ್ರಾಹಕನಿಗೆ ಈ ದಾರಿ ದೂರದ್ದು. ತಯಾರಕರ ಹತ್ತಿರ ಅಂಗಡಿಯವನ ಮಾತು ನಡೆಯುತ್ತದೆ. ಅದೇ ಕಾರಣಕ್ಕೆ ಅವನನ್ನು ಎದುರಾಳಿಯ ಸಾಲಿನಲ್ಲಿ ನಿಲ್ಲಿಸುವುದಕ್ಕಿಂತ ತನ್ನ ಪರವಾಗಿ ಮಾತಾಡಿಸುವುದು ಮೇಲು.

ಬಂದೂಕು ಬಿಟ್ಟು ಬರುವಾಗ ರಸೀದಿ ಬೇಕೇ ಬೇಕು. ಲೈಸೆನ್ಸ್ ಪುಸ್ತಕದಲ್ಲಿ ಬಂದೂಕು ಇದೆ, ಮನೆಯಲ್ಲಿ ಇಲ್ಲ ಎಂದರೆ ತಪಾಸಣೆಗೆ ಬಂದವರಿಗೆ ಏನು ಹೇಳುವುದು? ತಯಾರಕರ ಹೆಸರು, ಬೋರ್, ಸಂಖ್ಯೆ, ಬಿಟ್ಟ ದಿನ, ಬಿಟ್ಟ ಕಾರಣ, ಪರೀಕ್ಷೆಯಲ್ಲಿ ಕಂಡದ್ದು, ಜೊತೆಗೆ ಕೊಟ್ಟ ತೋಟಾಗಳ ಎಣಿಕೆ, ಅಂಗಡಿಯ ಮುದ್ರೆ ಇಷ್ಟೂ ಆ ಚೀಟಿಯಲ್ಲಿದ್ದವು. ‘ಎಡ ನಳಿಗೆಯ ಸ್ಪ್ರಿಂಗ್ ಸಡಿಲ’ ಎಂದು ಅಂಗಡಿಯವರೇ ಬರೆದ ಆ ಒಂದು ಸಾಲು ಮುಂದೆ ವ್ಯಾಜ್ಯವಾಗಿದ್ದರೆ ಬೇರೆ ಸಾಕ್ಷಿಯೇ ಬೇಕಾಗುತ್ತಿರಲಿಲ್ಲ. ವ್ಯಾಜ್ಯ ಆಗಲಿಲ್ಲ. ಹಿಂಗಾರು ಮಳೆಗೆ ಮುಂಚೆ ಸ್ಪ್ರಿಂಗ್, ಪಿನ್ ಎರಡೂ ಹೊಸದಾಗಿ ಬಂದೂಕು ತಿರುಗಿ ಬಂತು. ಪರೀಕ್ಷೆಗೆ ಖರ್ಚಾದ ತೋಟಾಗಳ ಬದಲಿಗೆ ಹೊಸವನ್ನು ಕೊಟ್ಟು, ಅದನ್ನೂ ಪುಸ್ತಕಕ್ಕೆ ಏರಿಸಿದರು.

ಎಲ್ಲ ಅಂಗಡಿಯವರೂ ಹೀಗೆ ನಡೆದುಕೊಳ್ಳುವುದಿಲ್ಲ. ಪತ್ರಕ್ಕೆ ಉತ್ತರವಿಲ್ಲ, ಫೋನ್ ಎತ್ತುವುದಿಲ್ಲ, ‘ಮಾರಿದ ಮೇಲೆ ನಮ್ಮ ಜವಾಬ್ದಾರಿ ಇಲ್ಲ’ ಎಂದು ಬಿಲ್ಲಿನ ಹಿಂದೆ ಅಚ್ಚಾಗಿದೆ ಎನ್ನುವವರೂ ಇದ್ದಾರೆ. ಆಗ ಮುಂದಿನ ಮೆಟ್ಟಿಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಸಂಖ್ಯೆ 1915. ಕನ್ನಡದಲ್ಲೂ ಮಾತಾಡಬಹುದು. ಅದು ನ್ಯಾಯಾಲಯವಲ್ಲ; ದೂರನ್ನು ಎದುರು ಪಕ್ಷಕ್ಕೆ ದಾಟಿಸಿ ಉತ್ತರ ತರಿಸುವ ವ್ಯವಸ್ಥೆ. ಬಹಳ ಸಲ ಅಷ್ಟೇ ಸಾಕಾಗುತ್ತದೆ.

ಸಾಲದಿದ್ದರೆ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. 2020ರ ಜುಲೈ 20ರಿಂದ ಜಾರಿಯಾದ ಹೊಸ ಗ್ರಾಹಕ ಕಾಯ್ದೆ ಯಲಬುರ್ಗಾದಂಥ ಕಡೆಯ ರೈತನಿಗೆ ಮಾಡಿದ ದೊಡ್ಡ ಉಪಕಾರವೆಂದರೆ, ಅಂಗಡಿ ಯಾವ ಜಿಲ್ಲೆಯಲ್ಲೇ ಇರಲಿ, ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು. ಕೊಂಡಾಗ ಕೊಟ್ಟ ಹಣ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ರೈತನ ಬಂದೂಕು ಆ ಮಿತಿಯ ಬಹಳ ಕೆಳಗೇ ಬರುತ್ತದೆ. ತಕರಾರು ಹುಟ್ಟಿದ 2 ವರ್ಷದೊಳಗೆ ದಾಖಲಿಸಬೇಕು. ವಕೀಲರು ಇರಲೇಬೇಕೆಂದಿಲ್ಲ. ರೈತ ಗ್ರಾಹಕನೇ ಅಲ್ಲ, ಬೆಳೆ ಮಾರುವ ವ್ಯಾಪಾರಿ ಎಂಬ ವಾದವನ್ನು ಎದುರು ಪಕ್ಷದವರು ಎತ್ತುವುದುಂಟು. ಬೀಜದ ಪ್ರಕರಣವೊಂದರಲ್ಲಿ 2012ರಲ್ಲಿ ಸುಪ್ರೀಂ ಕೋರ್ಟ್ ರೈತರು ಗ್ರಾಹಕರೇ ಎಂದು ಸ್ಪಷ್ಟವಾಗಿ ಹೇಳಿದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕೆ ಕೊಂಡ ಸರಕು ವಾಣಿಜ್ಯ ಉದ್ದೇಶದ್ದಲ್ಲ ಎಂದು ಕಾಯ್ದೆಯ ವಿವರಣೆಯಲ್ಲೂ ಇದೆ.

ಆಯೋಗದಲ್ಲಿ ದೋಷವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಬೇಕಾದರೆ ತೀರ್ಮಾನಕ್ಕೆ 5 ತಿಂಗಳು, ಬೇಡವಾದರೆ 3 ತಿಂಗಳು ಎಂಬ ಗುರಿ ಕಾಯ್ದೆಯಲ್ಲಿದೆ. ವಾಸ್ತವದಲ್ಲಿ ಅದಕ್ಕಿಂತ ಎಳೆಯುವುದೇ ಹೆಚ್ಚು, ಅಷ್ಟರಲ್ಲಿ ಹಿಂಗಾರು ಮುಗಿದಿರುತ್ತದೆ. ಬಂದೂಕಿನಂಥ ಸರಕನ್ನು ಪರೀಕ್ಷೆಗೆ ಕಳಿಸುವುದೂ ಸುಲಭದ ಕೆಲಸವಲ್ಲ. ಆದ್ದರಿಂದ ಸೆಕ್ಷನ್ 37ರ ಮಧ್ಯಸ್ಥಿಕೆ ಈ ಬಗೆಯ ದೂರಿಗೆ ಚೆನ್ನಾಗಿ ಹೊಂದುತ್ತದೆ. ರಾಜಿಗೆ ಅವಕಾಶ ಕಂಡರೆ ಆಯೋಗ ಎರಡೂ ಕಡೆಯವರನ್ನು ಕೇಳುತ್ತದೆ. 5 ದಿನದೊಳಗೆ ಲಿಖಿತ ಒಪ್ಪಿಗೆ ಕೊಟ್ಟರೆ ಪ್ರಕರಣ ಮಧ್ಯಸ್ಥಗಾರರ ಮುಂದೆ ಹೋಗುತ್ತದೆ, ಆದ ಒಪ್ಪಂದಕ್ಕೆ ಆಯೋಗದ ಆದೇಶದ ಬಲ ಸಿಗುತ್ತದೆ. ನಳಿಗೆಯೇ ಸೀಳಿ ಕೈಗೋ ಕಣ್ಣಿಗೋ ಗಾಯವಾದ ಪ್ರಕರಣ ಮಾತ್ರ ಬೇರೆ. ಅಲ್ಲಿ ರಾಜಿಯ ಆತುರ ಬೇಡ. ಸರಕಿನ ಹೊಣೆಗಾರಿಕೆಯ ಆರನೆಯ ಅಧ್ಯಾಯದಡಿ ತಯಾರಕರನ್ನೂ ಸೇರಿಸಿ ಪರಿಹಾರ ಕೇಳಬೇಕು, ಸೀಳಿದ ಬಂದೂಕನ್ನು ಮಹಜರಾಗದೆ ಯಾರ ಕೈಗೂ ಕೊಡಬಾರದು.

ಸಿಟ್ಟಿನ ವಿಷಯ ಇಲ್ಲಿ ಹೇಳಲೇಬೇಕು. ಬಟ್ಟೆ ಅಂಗಡಿಯಲ್ಲಿ ಕೂಗಾಡಿದವನ ಮಾತು ಸಂಜೆಗೆ ಮರೆತುಹೋಗುತ್ತದೆ. ಬಂದೂಕಿನ ಲೈಸೆನ್ಸ್ ಇರುವವನು ಬಂದೂಕು ಹಿಡಿದು ಅಂಗಡಿಯಲ್ಲಿ ‘ನೋಡ್ಕೋತೀನಿ’ ಎಂದರೆ ಅದು ಬೆದರಿಕೆ. ಸಾರ್ವಜನಿಕ ಶಾಂತಿಗೆ ಭಂಗ ಎನಿಸಿದರೆ ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 17ರಡಿ ಲೈಸೆನ್ಸನ್ನು ಅಮಾನತು ಮಾಡಲೂ ರದ್ದು ಮಾಡಲೂ ಅಧಿಕಾರವಿದೆ. ಆಗ ನ್ಯಾಯವಾದ ದೂರಿನ ಜೊತೆ ಬಂದೂಕೂ ಹೋಗುತ್ತದೆ. ಅಂಗಡಿಯಲ್ಲಿ ದನಿ ಏರಿಸದೆ ಇದ್ದ ಹಿರಿಯರ ತಾಳ್ಮೆಯಲ್ಲಿ ಈ ತಿಳಿವಳಿಕೆಯೂ ಇತ್ತು. ದೂರನ್ನು ಕಾಗದದಲ್ಲಿ ಗಟ್ಟಿಯಾಗಿಯೂ ಬಾಯಲ್ಲಿ ಮೆತ್ತಗೂ ಇಡುವುದು ಈ ವ್ಯವಹಾರಕ್ಕೆ ತಕ್ಕ ರೀತಿ.

ಸೆಕೆಂಡ್ ಹ್ಯಾಂಡ್ ಬಂದೂಕಿನ ದೂರಿಗೆ ಮಿತಿ ಹೆಚ್ಚು. 1980ರ ದಶಕದಿಂದ ಖಾಸಗಿಯವರು ಹೊರದೇಶದಿಂದ ಬಂದೂಕು ತರಿಸುವುದಕ್ಕೆ ಕಟ್ಟುಪಾಡು ಬಿದ್ದ ಮೇಲೆ ಹಳೆಯ ವಿಲಾಯತಿ ಬಂದೂಕುಗಳು ಕೈಯಿಂದ ಕೈಗೆ ದಾಟುತ್ತಿವೆ, ಬೆಲೆಯೂ ಹೆಚ್ಚು. ಲೈಸೆನ್ಸ್‌ದಾರನೊಬ್ಬ ತನ್ನ ಸ್ವಂತ ಬಂದೂಕನ್ನು ಇನ್ನೊಬ್ಬ ಲೈಸೆನ್ಸ್‌ದಾರನಿಗೆ, ಅಧಿಕಾರಿಗಳಿಗೆ ಮೊದಲೇ ತಿಳಿಸಿ, ಮಾರಬಹುದು. ಆದರೆ ಹಾಗೆ ಮಾರಿದವನು ವ್ಯಾಪಾರಿಯಲ್ಲ. ಅವನ ಮೇಲೆ ಗ್ರಾಹಕ ಆಯೋಗದಲ್ಲಿ ದೂರು ನಿಲ್ಲಿಸುವುದು ಕಷ್ಟ. ಹಳೆಯದನ್ನೇ ಕೊಳ್ಳುವುದಾದರೂ ಅಂಗಡಿಯ ಮೂಲಕ, ಬಿಲ್ಲಿನೊಡನೆ, ನಳಿಗೆಯ ಬುಡದ ಮುದ್ರೆ ಓದಿ ಕೊಳ್ಳುವುದು ಒಳ್ಳೆಯದು. ಗುರುತಿನ ಸಂಖ್ಯೆ ಅಳಿಸಿದ ಬಂದೂಕನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬಾರದು. ಅದು ಶಸ್ತ್ರಾಸ್ತ್ರ ಕಾಯ್ದೆಯ ಸೆಕ್ಷನ್ 8ರಡಿ ಅಪರಾಧ, ಅದರ ಮೇಲೆ ದೂರು ಕೊಡಲು ಯಾವ ಬಾಗಿಲೂ ಇಲ್ಲ.

ದುರಸ್ತಿಯ ಬದಲು ಬದಲಿ ಬಂದೂಕೇ ಸಿಕ್ಕರೆ ದೂರು ಅಂಗಡಿಯಲ್ಲಿ ಮುಗಿಯುವುದಿಲ್ಲ. ಹೊಸ ಬಂದೂಕಿನ ಸಂಖ್ಯೆ ಬೇರೆ. ಹಳೆಯದು ಅಂಗಡಿಯ ರಿಜಿಸ್ಟರಿಗೆ ಮರಳಿ ಸೇರಿದ ದಾಖಲೆ, ಹೊಸ ಬಿಲ್, ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ, ಲೈಸೆನ್ಸ್ ಪುಸ್ತಕದಲ್ಲಿ ಹಳೆಯ ಸಂಖ್ಯೆ ಹೊಡೆದು ಹೊಸದರ ನಮೂದು, ಗಣಕದ ದಾಖಲೆಯಲ್ಲೂ ಅದೇ ತಿದ್ದುಪಡಿ, ಠಾಣೆಗೆ ಒಂದು ನಕಲು. ಇಷ್ಟೂ ಆಗುವ ತನಕ ಹೊಸ ಬಂದೂಕನ್ನು ಅಂಗಡಿಯಲ್ಲೇ ಬಿಟ್ಟಿರಬೇಕು, ಮನೆಗೆ ತರಬಾರದು.